ವೃತ್ತಿ ಶಿಕ್ಷಣದ ಬೋಧಕರು ಮತ್ತು ವೃತ್ತಿಪರ ನಡವಳಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶುಶ್ರೂಷೆ, ಲೆಕ್ಕಪತ್ರ, ವಿದ್ಯುತ್ ಕೆಲಸ, ಹೋಟೆಲ್ ನಿರ್ವಹಣೆ, ಸಾಫ್ಟ್‌ವೇರ್, ವಾಹನ ದುರಸ್ತಿ ಮುಂತಾಗಿ ನೇರವಾಗಿ ಉದ್ಯೋಗಕ್ಕೆ ಸಿದ್ಧಪಡಿಸುವ ಕೋರ್ಸ್‌ಗಳಲ್ಲಿ ಪಾಠ ಹೇಳುವವರು ಮೇಲಿಂದ ಮೇಲೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಈ ಉತ್ತರಗಳ ಹಿಂದಿರುವ ನಿಲುವು ಒಂದೇ: ಬೋಧಕರು ತರಗತಿಯಲ್ಲಿ ನಡೆದುಕೊಳ್ಳುವ ರೀತಿಯೂ ಪಾಠದ ಭಾಗವೇ, ಮತ್ತು ಆ ನಡೆಯ ಹಿಂದಿನ ಕಾರಣವನ್ನು ಅವರು ಬಾಯಿಬಿಟ್ಟು ಹೇಳಿದಾಗಲೇ ಆ ಪಾಠ ವಿದ್ಯಾರ್ಥಿಗಳಲ್ಲಿ ಗಟ್ಟಿಯಾಗಿ ನಾಟುತ್ತದೆ.

ವೃತ್ತಿಪರ ನಡವಳಿಕೆ ಎಂದರೆ ಏನೇನು ಸೇರುತ್ತದೆ?

ಒಪ್ಪಿಕೊಂಡ ಕೆಲಸವನ್ನು ಒಪ್ಪಿಕೊಂಡ ಸಮಯಕ್ಕೆ ಮುಗಿಸುವುದು, ಮುಗಿಸಲು ಆಗದಿದ್ದರೆ ಗಡುವು ಮೀರುವ ಮೊದಲೇ ತಿಳಿಸುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ತಪ್ಪನ್ನು ಮುಚ್ಚಿಡದಿರುವುದು, ತನ್ನ ಕೈಗೆ ಬಂದ ಖಾಸಗಿ ಮಾಹಿತಿಯನ್ನು ಕಾಪಾಡುವುದು, ಸುರಕ್ಷತೆಯ ನಿಯಮಗಳನ್ನು ಯಾರೂ ನೋಡದಿದ್ದಾಗಲೂ ಪಾಲಿಸುವುದು, ಭಿನ್ನಾಭಿಪ್ರಾಯವನ್ನು ವ್ಯಕ್ತಿಯ ಮೇಲೆ ಹೊರಿಸದೆ ವಿಷಯಕ್ಕೆ ಸೀಮಿತಗೊಳಿಸಿ ಮಾತನಾಡುವುದು ಇವೆಲ್ಲ ಬಹುತೇಕ ಪ್ರತಿಯೊಂದು ವೃತ್ತಿಗೂ ಅನ್ವಯಿಸುತ್ತವೆ. ಇದರ ಮೇಲೆ ಆಯಾ ವೃತ್ತಿಗೆ ವಿಶಿಷ್ಟವಾದ ಶಿಸ್ತು ಇರುತ್ತದೆ. ರೋಗಿಯನ್ನು ಮುಟ್ಟುವ ಮೊದಲು ಕೈ ತೊಳೆಯುವುದು, ವಿದ್ಯುತ್ ತಂತಿಯನ್ನು ಮುಟ್ಟುವ ಮೊದಲು ಸಂಪರ್ಕ ಕಡಿತಗೊಂಡಿದೆಯೇ ಎಂದು ಪರೀಕ್ಷಿಸುವುದು, ಲೆಕ್ಕದ ಪುಸ್ತಕದಲ್ಲಿ ಹಳೆಯ ನಮೂದನ್ನು ಅಳಿಸದೆ ತಿದ್ದುಪಡಿಯ ನಮೂದನ್ನು ಬರೆಯುವುದು ಅಂಥವು. ಬೋಧಕರು ಈ ಎರಡು ಪದರಗಳನ್ನೂ ತೋರಿಸಿಕೊಡಬೇಕಾಗುತ್ತದೆ.

ಇದಕ್ಕೆಂದೇ ಪಠ್ಯದಲ್ಲಿ ಒಂದು ಅಧ್ಯಾಯ ಇಟ್ಟರೆ ಸಾಲದೇ?

ಸಾಲದು. ಅಧ್ಯಾಯದಿಂದ ನಿಯಮ ತಿಳಿಯುತ್ತದೆ, ರೂಢಿ ಬೆಳೆಯುವುದಿಲ್ಲ. ಮನುಷ್ಯರು ನಡವಳಿಕೆಯನ್ನು ಬಹುಮಟ್ಟಿಗೆ ಇತರರನ್ನು ನೋಡಿ ಕಲಿಯುತ್ತಾರೆ ಎಂಬುದನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರು 1961ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಆರಂಭಿಸಿ ವಿಸ್ತಾರವಾಗಿ ತೋರಿಸಿಕೊಟ್ಟರು. ಆ ಪ್ರಯೋಗದಲ್ಲಿ, ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು, ಯಾರೂ ಹಾಗೆ ಮಾಡಿ ಎಂದು ಹೇಳದಿದ್ದರೂ, ಅದೇ ಬಗೆಯ ವರ್ತನೆಯನ್ನು ಅನುಕರಿಸಿದರು. ಮುಂದೆ 1977ರ ಹೊತ್ತಿಗೆ ಬಂಡೂರ ಅವರು ಇಂಥ ಕಲಿಕೆ ನಡೆಯಲು ನಾಲ್ಕು ಸಂಗತಿಗಳು ಬೇಕೆಂದು ವಿವರಿಸಿದರು. ನೋಡುವವರ ಗಮನ ಆ ನಡೆಯ ಮೇಲೆ ಇರಬೇಕು, ಕಂಡದ್ದು ನೆನಪಿನಲ್ಲಿ ಉಳಿಯಬೇಕು, ಅದನ್ನು ತಾವೇ ಮಾಡಿ ನೋಡುವ ಸಾಮರ್ಥ್ಯ ಇರಬೇಕು, ಮಾಡಬೇಕೆನ್ನಿಸುವ ಪ್ರೇರಣೆಯೂ ಇರಬೇಕು. ಬೋಧಕರು ಈ ನಾಲ್ಕನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಒಳ್ಳೆಯ ಮೇಲ್ಪಂಕ್ತಿ ಹಾಕಿಕೊಟ್ಟರೂ ವಿದ್ಯಾರ್ಥಿಗಳು ಕಲಿಯಲಿಲ್ಲವೆಂದಾದರೆ ಈ ನಾಲ್ಕರಲ್ಲಿ ಯಾವುದೋ ಒಂದು ತಪ್ಪಿಹೋಗಿರುತ್ತದೆ.

ಮೇಲಿನವರ ನಡೆ ಬರೆದಿಟ್ಟ ನಿಯಮವನ್ನೇ ಮೀರಿಸುತ್ತದೆ ಎಂಬುದಕ್ಕೆ ಆಸ್ಪತ್ರೆಗಳಲ್ಲಿ ಕೈ ತೊಳೆಯುವ ಅಭ್ಯಾಸ ಒಳ್ಳೆಯ ನಿದರ್ಶನ. ಕೈ ತೊಳೆಯಬೇಕೆಂಬ ನಿಯಮ ಅಲ್ಲಿ ಎಲ್ಲರಿಗೂ ಗೊತ್ತು. ಆದರೂ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅದೇ ಕೋಣೆಯಲ್ಲಿರುವ ಸಹೋದ್ಯೋಗಿಯೋ ಮೇಲಿನ ಸ್ಥಾನದವರೋ ಕೈ ತೊಳೆಯದಿದ್ದಾಗ ಉಳಿದ ಸಿಬ್ಬಂದಿಯೂ ಕೈ ತೊಳೆಯುವ ಸಾಧ್ಯತೆ ಗಣನೀಯವಾಗಿ ಕಡಿಮೆಯಾಗಿದ್ದು ಕಂಡುಬಂದಿತು. ಗೋಡೆಗೆ ಅಂಟಿಸಿದ ಸೂಚನೆಗಿಂತ ಪಕ್ಕದಲ್ಲಿ ನಿಂತವರ ಕೈ ಹೆಚ್ಚು ಕಲಿಸುತ್ತದೆ.

ವಿದ್ಯಾರ್ಥಿಗಳು ನಿಜವಾಗಿಯೂ ಬೋಧಕರನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸುತ್ತಾರೆಯೇ?

ಗಮನಿಸುತ್ತಾರೆ, ಅದೂ ಬೋಧಕರು ಗಮನಿಸಲೆಂದು ಬಯಸದ ಸಂಗತಿಗಳನ್ನೇ ಮೊದಲು. ಪಾಠದ ಜೊತೆಗೆ, ಯಾರೂ ಘೋಷಿಸದೆ, ತರಗತಿಯ ವ್ಯವಸ್ಥೆಯೇ ಕಲಿಸಿಬಿಡುವ ಸಂಗತಿಗಳನ್ನು ಶಿಕ್ಷಣ ಕ್ಷೇತ್ರದಲ್ಲಿ ಗುಪ್ತ ಪಠ್ಯಕ್ರಮ ಎಂದು ಕರೆಯುತ್ತಾರೆ. ಈ ಹೆಸರನ್ನು ಫಿಲಿಪ್ ಜ್ಯಾಕ್ಸನ್ ಅವರು 1968ರಲ್ಲಿ ಬಳಕೆಗೆ ತಂದರು. ವೃತ್ತಿ ಶಿಕ್ಷಣದಲ್ಲಿ ಇದರ ತೂಕ ಇನ್ನೂ ಹೆಚ್ಚು. ಸಾಹಿತ್ಯವನ್ನೋ ಇತಿಹಾಸವನ್ನೋ ಓದುವ ವಿದ್ಯಾರ್ಥಿಗೆ ಅಧ್ಯಾಪಕರು ಆ ವಿಷಯದ ವ್ಯಾಖ್ಯಾನಕಾರರು. ಆದರೆ ವೃತ್ತಿ ಕಲಿಯಲು ಬಂದವರಿಗೆ ಎದುರಿಗೆ ನಿಂತ ಬೋಧಕರೇ ಆ ವೃತ್ತಿಯವರು, ಹಲವು ಸಲ ಅವರು ಹತ್ತಿರದಿಂದ ಕಂಡ ಮೊದಲ ವೃತ್ತಿಪರರು. ಆದ್ದರಿಂದ ಉಪಕರಣವನ್ನು ಬಳಸಿದ ಮೇಲೆ ಬೋಧಕರು ಅದನ್ನು ಸ್ವಚ್ಛಗೊಳಿಸಿ ಇಟ್ಟರೋ, ಹಾಗೆಯೇ ಬಿಟ್ಟು ಹೋದರೋ ಎಂಬುದನ್ನು ವಿದ್ಯಾರ್ಥಿಗಳು ಒಬ್ಬ ವ್ಯಕ್ತಿಯ ಅಭ್ಯಾಸವೆಂದು ನೋಡುವುದಿಲ್ಲ. ಆ ವೃತ್ತಿಯ ವಾಡಿಕೆಯೇ ಅದು ಎಂದು ಗ್ರಹಿಸುತ್ತಾರೆ.

ಮಾಡಿ ತೋರಿಸಿದರೆ ಸಾಕೇ, ಬಾಯಿಬಿಟ್ಟು ಹೇಳಲೂ ಬೇಕೇ?

ಹೇಳಲೇಬೇಕು. ಈ ಪ್ರಶ್ನೆಗೆ ಉಳಿದೆಲ್ಲಕ್ಕಿಂತ ದೀರ್ಘವಾಗಿ ಉತ್ತರಿಸುವುದು ಅಗತ್ಯ, ಏಕೆಂದರೆ ಉತ್ತಮ ಬೋಧಕರೂ ಎಡವುವುದು ಇಲ್ಲಿಯೇ. ತಾವು ಶಿಸ್ತಿನಿಂದ ನಡೆದುಕೊಂಡರೆ ವಿದ್ಯಾರ್ಥಿಗಳು ತಾವಾಗಿಯೇ ನೋಡಿ ಕಲಿಯುತ್ತಾರೆ ಎಂಬ ನಂಬಿಕೆ ಅವರಲ್ಲಿ ಇರುತ್ತದೆ. ಆದರೆ ನುರಿತವರ ಕೆಲಸದಲ್ಲಿ ಮುಖ್ಯವಾದದ್ದು ಹೊರಗೆ ಕಾಣುವುದಿಲ್ಲ. ಸಿಟ್ಟಿನಲ್ಲಿರುವ ಗ್ರಾಹಕರ ಮುಂದೆ ಬೋಧಕರು ಒಂದು ಕ್ಷಣ ಸುಮ್ಮನಿದ್ದು ನಂತರ ಮಾತನಾಡಿದರೆ, ವಿದ್ಯಾರ್ಥಿಗೆ ಆ ಮೌನ ಕಾಣುತ್ತದೆ, ಆ ಮೌನದಲ್ಲಿ ನಡೆದ ಆಲೋಚನೆ ಕಾಣುವುದಿಲ್ಲ. ಅವರು ಹೆದರಿ ಸುಮ್ಮನಾದರು ಎಂದೂ ವಿದ್ಯಾರ್ಥಿ ತಿಳಿಯಬಹುದು.

1989ರಲ್ಲಿ ಆಲನ್ ಕಾಲಿನ್ಸ್, ಜಾನ್ ಸೀಲಿ ಬ್ರೌನ್ ಮತ್ತು ಸೂಸನ್ ನ್ಯೂಮನ್ ಅವರು ಮಂಡಿಸಿದ ವಿಚಾರ ಇಲ್ಲಿ ಬಹಳ ಉಪಯುಕ್ತ. ಬಡಗಿಯ ಬಳಿಯೋ ದರ್ಜಿಯ ಬಳಿಯೋ ಕೆಲಸ ಕಲಿಯುವ ಶಿಷ್ಯನಿಗೆ ಗುರುವಿನ ಕೈಚಳಕ ಕಣ್ಣೆದುರಿಗೇ ಕಾಣುತ್ತದೆ. ಬುದ್ಧಿಯಿಂದ ಮಾಡುವ ಕೆಲಸಗಳಲ್ಲಿ ಹಾಗೆ ಕಾಣುವುದಿಲ್ಲವಾದ್ದರಿಂದ, ಕಲಿಸುವವರು ತಮ್ಮ ಆಲೋಚನೆಯನ್ನು ಮಾತಿನ ಮೂಲಕ ಹೊರಗಿಡಬೇಕು ಎಂಬುದು ಅವರ ವಾದದ ತಿರುಳು. ಮಾಡಿ ತೋರಿಸುವುದು, ಪಕ್ಕದಲ್ಲಿದ್ದು ತಿದ್ದುವುದು, ಆಸರೆ ಕೊಟ್ಟು ಕ್ರಮೇಣ ಅದನ್ನು ಹಿಂತೆಗೆಯುವುದು, ಕಲಿಯುವವರಿಂದಲೇ ಕಾರಣ ಹೇಳಿಸುವುದು, ತಮ್ಮ ಕೆಲಸವನ್ನು ನುರಿತವರ ಕೆಲಸದೊಂದಿಗೆ ಹೋಲಿಸಿ ನೋಡುವಂತೆ ಮಾಡುವುದು, ಕೊನೆಗೆ ಸ್ವತಂತ್ರವಾಗಿ ಹೊಸ ಸಮಸ್ಯೆಗಳನ್ನು ಎದುರಿಸಲು ಬಿಡುವುದು ಈ ಕ್ರಮವನ್ನು ಅವರು ಸೂಚಿಸಿದರು. ತಾಂತ್ರಿಕ ಕೌಶಲವನ್ನು ಕಲಿಸುವಾಗ ಬೋಧಕರು ಇದನ್ನೆಲ್ಲ ಸಹಜವಾಗಿಯೇ ಮಾಡುತ್ತಾರೆ. ನಡವಳಿಕೆಯ ವಿಷಯಕ್ಕೆ ಬಂದಾಗ ಮಾತ್ರ, ಮಾಡಿ ತೋರಿಸುವ ಮೊದಲ ಹಂತದಲ್ಲೇ ನಿಂತುಬಿಡುತ್ತಾರೆ.

ಹೇಳುವುದೆಂದರೆ ಉಪದೇಶ ಮಾಡುವುದು ಎಂದು ತಿಳಿಯಬೇಕಿಲ್ಲ. ಎರಡು ವಾಕ್ಯ ಸಾಕಾಗುತ್ತದೆ. "ನಿಮ್ಮ ವರದಿಯನ್ನು ಬುಧವಾರ ಕೊಡುವುದಾಗಿ ಹೇಳಿದ್ದೆ, ಅದು ಶುಕ್ರವಾರಕ್ಕೆ ಹೋಗುತ್ತದೆ ಎಂದು ಸೋಮವಾರವೇ ತಿಳಿಸುತ್ತಿದ್ದೇನೆ, ಕೆಲಸದಲ್ಲಿಯೂ ತಡವಾಗುವುದು ಖಚಿತವಾದ ಕೂಡಲೇ ಹೇಳಿದರೆ ಎದುರಿನವರಿಗೆ ತಮ್ಮ ಯೋಜನೆ ಬದಲಿಸಿಕೊಳ್ಳಲು ಸಮಯ ಸಿಗುತ್ತದೆ" ಎಂದಾಗ ವಿದ್ಯಾರ್ಥಿಗೆ ನಡೆಯೂ ಸಿಕ್ಕಿತು, ಕಾರಣವೂ ಸಿಕ್ಕಿತು. ಕಾರಣ ಗೊತ್ತಿದ್ದವರು ಮಾತ್ರ, ತರಗತಿಯಲ್ಲಿ ಎಂದೂ ಬಾರದಿದ್ದ ಸಂದರ್ಭದಲ್ಲಿಯೂ ಸರಿಯಾಗಿ ನಡೆದುಕೊಳ್ಳಬಲ್ಲರು.

ಬೋಧಕರೇ ತಪ್ಪು ಮಾಡಿದರೆ ಮಾದರಿ ಕೆಡುವುದಿಲ್ಲವೇ?

ತಪ್ಪನ್ನು ಹೇಗೆ ನಿರ್ವಹಿಸುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಲೆಕ್ಕದಲ್ಲಿ ತಪ್ಪಾಗಿದೆ ಎಂದು ವಿದ್ಯಾರ್ಥಿಯೊಬ್ಬರು ತೋರಿಸಿದಾಗ ಬೋಧಕರು "ಹೌದು, ತಪ್ಪಾಗಿದೆ, ಧನ್ಯವಾದ" ಎಂದು ತಿದ್ದಿಕೊಂಡು, ಈ ತಪ್ಪು ಹೇಗೆ ನುಸುಳಿತು ಎಂದು ಹೇಳಿ, ಹಿಂದಿನ ತರಗತಿಯವರಿಗೂ ತಿದ್ದುಪಡಿ ಕಳುಹಿಸಿದರೆ, ಆ ಕೆಲವು ನಿಮಿಷಗಳಲ್ಲಿ ಅವರು ಕಲಿಸಿದ್ದನ್ನು ಇಡೀ ಅಧ್ಯಾಯವೂ ಕಲಿಸಲಾರದು. ಮಾತು ತಿರುಗಿಸಿ ಜಾರಿಕೊಂಡರೆ, ಮೇಲಿನವರ ತಪ್ಪನ್ನು ಎತ್ತಿ ತೋರಿಸಬಾರದು ಎಂಬ ಪಾಠವನ್ನೂ ಅಷ್ಟೇ ಪರಿಣಾಮಕಾರಿಯಾಗಿ ಕಲಿಸಿದಂತಾಗುತ್ತದೆ.

ಈ ಎರಡನೆಯ ಪಾಠ ಎಷ್ಟು ಅಪಾಯಕಾರಿ ಎಂಬುದಕ್ಕೆ ವಿಮಾನಯಾನದ ಇತಿಹಾಸದಲ್ಲಿ ಸಾಕ್ಷಿ ಇದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಮಂಜು, ರೇಡಿಯೊ ಸಂದೇಶಗಳ ಗೊಂದಲ ಹೀಗೆ ಕಾರಣಗಳು ಹಲವಿದ್ದವು. ಆದರೆ ಮೇಲೇರಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್, ಎದುರಿನ ವಿಮಾನ ಓಡುದಾರಿಯಿಂದ ಇನ್ನೂ ಸರಿದಿಲ್ಲವೇನೋ ಎಂಬ ಸಂಶಯವನ್ನು ವ್ಯಕ್ತಪಡಿಸಿದ್ದರು. ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು, ಸಂಶಯ ಮತ್ತೆ ಮಾತಾಗಲಿಲ್ಲ. ಆ ಕ್ಯಾಪ್ಟನ್ ತಮ್ಮ ಸಂಸ್ಥೆಯಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ಹಿರಿಯ ಬೋಧಕರೂ ಆಗಿದ್ದರು. ಇಂಥ ಅಪಘಾತಗಳ ಹಿನ್ನೆಲೆಯಲ್ಲಿ 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಬೆಳೆದ ತರಬೇತಿ ಪದ್ಧತಿಯಲ್ಲಿ, ಕಿರಿಯರು ಸಂಶಯವನ್ನು ಸ್ಪಷ್ಟವಾಗಿ ಹೇಳುವುದನ್ನೂ ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ಅಭ್ಯಾಸ ಮಾಡಿಸಲಾಗುತ್ತದೆ. ತರಗತಿಯಲ್ಲಿ ಕೈ ಎತ್ತಿ "ಅದು ಸರಿಯೇ?" ಎಂದು ಕೇಳುವ ವಿದ್ಯಾರ್ಥಿಗೆ ಸಿಗುವ ಉತ್ತರ, ನಾಳೆ ಅವರು ತಮ್ಮ ಮೇಲಧಿಕಾರಿಯ ಮುಂದೆ ಬಾಯಿ ತೆರೆಯುತ್ತಾರೋ ಇಲ್ಲವೋ ಎಂಬುದನ್ನು ಒಂದಿಷ್ಟಾದರೂ ನಿರ್ಧರಿಸುತ್ತದೆ. ಹಾಗಾಗಿ ಈ ಒಂದು ವಿಷಯದಲ್ಲಿ ಬೋಧಕರು ಯಾವ ರಿಯಾಯಿತಿಯನ್ನೂ ತೆಗೆದುಕೊಳ್ಳಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ವಿದ್ಯಾರ್ಥಿಗಳಿಗೆ ಸಮಯಪಾಲನೆ ಹೇಳುವ ಬೋಧಕರು ತಾವು ತಡವಾಗಿ ಬಂದರೆ?

ಕ್ಷಮೆ ಕೇಳಿ, ಕಾರಣವನ್ನು ಚುಟುಕಾಗಿ ಹೇಳಿ, ಪಾಠ ಆರಂಭಿಸಬೇಕು. ತರಗತಿಯನ್ನು ಸಮಯಕ್ಕೆ ಸರಿಯಾಗಿ ಮುಗಿಸುವುದೂ ಸಮಯಪಾಲನೆಯೇ ಎಂಬುದನ್ನು ಇಲ್ಲಿ ಸೇರಿಸಬೇಕು. ಆರಂಭದ ಐದು ನಿಮಿಷಕ್ಕೆ ಕಟ್ಟುನಿಟ್ಟಾಗಿದ್ದು, ಕೊನೆಯಲ್ಲಿ ಕಾಲು ಗಂಟೆ ಹೆಚ್ಚು ತೆಗೆದುಕೊಳ್ಳುವವರು ತಮ್ಮ ಸಮಯಕ್ಕೆ ಮಾತ್ರ ಬೆಲೆ ಇದೆ ಎಂದು ಹೇಳಿದಂತಾಗುತ್ತದೆ. ಉತ್ತರ ಪತ್ರಿಕೆಗಳನ್ನು ಹೇಳಿದ ದಿನಕ್ಕೆ ಹಿಂತಿರುಗಿಸುವುದೂ ಇದೇ ಲೆಕ್ಕಕ್ಕೆ ಬರುತ್ತದೆ.

ವಿದ್ಯಾರ್ಥಿಗಳು ಕಳುಹಿಸುವ ಇಮೇಲ್‌ಗಳಲ್ಲಿ ವಿಷಯವೂ ಇರುವುದಿಲ್ಲ, ಒಕ್ಕಣೆಯೂ ಇರುವುದಿಲ್ಲ. ಏನು ಮಾಡಬೇಕು?

ಅವರ ಇಮೇಲ್ ಹೇಗಿರಬೇಕೆಂದು ಬಯಸುತ್ತೀರೋ ನಿಮ್ಮ ಉತ್ತರ ಹಾಗಿರಲಿ. ಸ್ಪಷ್ಟವಾದ ವಿಷಯ ಸಾಲು, ಹೆಸರು ಹಿಡಿದು ಸಂಬೋಧನೆ, ಮೊದಲ ವಾಕ್ಯದಲ್ಲೇ ಉತ್ತರ, ಮುಂದೆ ಯಾರು ಯಾವಾಗ ಏನು ಮಾಡಬೇಕೆಂಬ ಸೂಚನೆ, ಕೊನೆಗೆ ನಿಮ್ಮ ಹೆಸರು ಇರಲಿ. ಒಂದೆರಡು ತಿಂಗಳಲ್ಲಿ ಹಲವರು ತಾವಾಗಿಯೇ ಆ ಮಾದರಿಗೆ ಹೊರಳುತ್ತಾರೆ. ಉಳಿದವರಿಗೆ ಖಾಸಗಿಯಾಗಿ, ಅವರದೇ ಒಂದು ಇಮೇಲನ್ನು ಮುಂದಿಟ್ಟುಕೊಂಡು, ಕೆಲಸ ಕೊಡುವವರು ಇದನ್ನು ಓದಿದರೆ ಅವರಿಗೆ ಯಾವ ಮಾಹಿತಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ವಿವರಿಸಬೇಕು. ತರಗತಿಯಲ್ಲಿ ಯಾರದೋ ಇಮೇಲನ್ನು ಎಲ್ಲರಿಗೂ ತೋರಿಸಿ ನಗಾಡುವುದು, ಹೆಸರು ಮರೆಮಾಡಿದ್ದರೂ, ಕಲಿಸಬೇಕಾದದ್ದಕ್ಕೆ ವಿರುದ್ಧವಾದದ್ದನ್ನೇ ಕಲಿಸುತ್ತದೆ.

ಬೋಧಕರು ಯಾವ ಉಡುಪು ಧರಿಸಬೇಕು?

ಆಯಾ ವೃತ್ತಿಯವರು ಕೆಲಸದಲ್ಲಿ ಧರಿಸುವಂಥದ್ದು. ಕಾರ್ಯಾಗಾರದಲ್ಲಿ ವೆಲ್ಡಿಂಗ್ ಕಲಿಸುವವರಿಗೆ ಇಸ್ತ್ರಿ ಮಾಡಿದ ಅಂಗಿಗಿಂತ ಕಣ್ಣಿನ ರಕ್ಷಣೆ, ಕೈಗವಸು, ಸುರಕ್ಷತಾ ಬೂಟುಗಳೇ ವೃತ್ತಿಪರ ಉಡುಪು. "ಒಂದೇ ನಿಮಿಷದ ಕೆಲಸ" ಎಂದು ಅವನ್ನು ಬಿಟ್ಟು ತೋರಿಸುವುದು ಸಲ್ಲದು, ಏಕೆಂದರೆ ಅವಘಡಕ್ಕೂ ಒಂದೇ ನಿಮಿಷ ಸಾಕು. ಇದಕ್ಕಿಂತ ಹೆಚ್ಚು ಚರ್ಚೆ ಈ ವಿಷಯಕ್ಕೆ ಬೇಕಿಲ್ಲ.

ವಿದ್ಯಾರ್ಥಿಗಳೊಂದಿಗೆ ಸ್ನೇಹದಿಂದ ಇರುವುದು ವೃತ್ತಿಪರತೆಗೆ ವಿರುದ್ಧವೇ?

ಆತ್ಮೀಯತೆ ವಿರುದ್ಧವಲ್ಲ, ಪಕ್ಷಪಾತ ವಿರುದ್ಧ. ವೃತ್ತಿ ಕೋರ್ಸ್‌ಗಳಲ್ಲಿ ಬೋಧಕರಿಗಿಂತ ವಯಸ್ಸಾದ ವಿದ್ಯಾರ್ಥಿಗಳೂ, ಈಗಾಗಲೇ ಕೆಲಸದಲ್ಲಿದ್ದು ಕಲಿಯಲು ಬಂದವರೂ ಇರುತ್ತಾರಾದ್ದರಿಂದ, ಹಿರಿಯ ಕಿರಿಯ ಎಂಬ ಅಂತರವನ್ನು ಬಲವಂತವಾಗಿ ಕಾಯ್ದುಕೊಳ್ಳುವುದು ಕೃತಕವಾಗುತ್ತದೆ. ಬೋಧಕರು ಒಬ್ಬ ಒಳ್ಳೆಯ ಮೇಲ್ವಿಚಾರಕರಂತೆ ನಡೆದುಕೊಳ್ಳಬಹುದು: ಸೌಜನ್ಯ ಎಲ್ಲರಿಗೂ, ನಿಯಮ ಎಲ್ಲರಿಗೂ ಒಂದೇ, ಒಬ್ಬರ ಅಂಕವನ್ನೋ ವೈಯಕ್ತಿಕ ತೊಂದರೆಯನ್ನೋ ಇನ್ನೊಬ್ಬರ ಮುಂದೆ ಆಡುವುದಿಲ್ಲ. ಯಾರಿಗಾದರೂ ಗಡುವು ವಿಸ್ತರಿಸಿದರೆ, ಅಂಥದೇ ಕಾರಣ ಇರುವ ಎಲ್ಲರಿಗೂ ಅದು ಸಿಗುವಂತಿರಬೇಕು. ಸಹೋದ್ಯೋಗಿ ಬೋಧಕರ ಬಗ್ಗೆ ವಿದ್ಯಾರ್ಥಿಗಳ ಮುಂದೆ ಹಗುರವಾಗಿ ಮಾತನಾಡದಿರುವುದೂ ಇಲ್ಲಿಗೇ ಸೇರುತ್ತದೆ. ಇಲ್ಲದವರ ಬಗ್ಗೆ ಬೋಧಕರು ಆಡುವ ಮಾತನ್ನು ಕೇಳಿದ ವಿದ್ಯಾರ್ಥಿ, ನಾಳೆ ತನ್ನ ಬಗ್ಗೆಯೂ ಹೀಗೆಯೇ ಆಡುತ್ತಾರೆಂದು ಊಹಿಸದೆ ಇರುವುದಿಲ್ಲ.

ಅಸಭ್ಯವಾಗಿ ವರ್ತಿಸುವ ವಿದ್ಯಾರ್ಥಿಯನ್ನು ಎಲ್ಲರೆದುರು ತಿದ್ದಬೇಕೇ, ಪ್ರತ್ಯೇಕವಾಗಿ ಕರೆದು ತಿದ್ದಬೇಕೇ?

ಯಾರಿಗಾದರೂ ಅಪಾಯವಿದ್ದರೆ ಅಥವಾ ಇನ್ನೊಬ್ಬರಿಗೆ ಅವಮಾನವಾಗುತ್ತಿದ್ದರೆ ಆ ಕ್ಷಣವೇ, ಎಲ್ಲರೆದುರು, ಚಿಕ್ಕದಾಗಿ ತಡೆಯಬೇಕು. ಉಳಿದದ್ದನ್ನು ಪ್ರತ್ಯೇಕವಾಗಿ ಮಾತನಾಡಬೇಕು. ಆ ಮಾತುಕತೆಯಲ್ಲಿ ಕಂಡದ್ದನ್ನು ಮೊದಲು ಹೇಳಿ, ಅದರ ಪರಿಣಾಮವನ್ನು ನಂತರ ಹೇಳಿ, ಅವರ ಕಡೆಯ ಮಾತನ್ನು ಕೇಳಬೇಕು. "ನೀವು ಬೇಜವಾಬ್ದಾರಿ ಮನುಷ್ಯ" ಎಂದರೆ ಅದು ವ್ಯಕ್ತಿಯ ಮೇಲಿನ ತೀರ್ಪು. "ಕಳೆದ ಎರಡು ಗುಂಪು ಕೆಲಸಗಳಲ್ಲಿ ನಿಮ್ಮ ಭಾಗ ಬರಲಿಲ್ಲ, ಅದನ್ನು ಉಳಿದವರು ರಾತ್ರಿ ಕೂತು ಮಾಡಿದರು" ಎಂದರೆ ಅದು ತಿದ್ದಿಕೊಳ್ಳಬಹುದಾದ ಸಂಗತಿ. ಮುಂದೆ ತಂಡ ನಡೆಸಬೇಕಾದವರು, ತಮಗೆ ಹೇಳಿದ ರೀತಿಯಲ್ಲೇ ತಮ್ಮ ಕೈಕೆಳಗಿನವರಿಗೂ ಹೇಳುತ್ತಾರೆ.

ಆನ್‌ಲೈನ್ ತರಗತಿಯಲ್ಲಿ ಇದೆಲ್ಲ ಸಾಧ್ಯವೇ?

ಸಾಧ್ಯ, ಆದರೆ ತಾನಾಗಿ ಆಗುವುದಿಲ್ಲ. ಕಾರಿಡಾರಿನಲ್ಲಿ, ಪ್ರಯೋಗಾಲಯದಲ್ಲಿ ಅನಾಯಾಸವಾಗಿ ಕಣ್ಣಿಗೆ ಬೀಳುವ ನಡೆಗಳು ಪರದೆಯ ಮೇಲೆ ಕಾಣುವುದಿಲ್ಲವಾದ್ದರಿಂದ ಬರಹದ ಪಾಲು ಹೆಚ್ಚಾಗುತ್ತದೆ. ಪ್ರಶ್ನೆಗಳಿಗೆ ಎಷ್ಟು ಹೊತ್ತಿನೊಳಗೆ ಉತ್ತರ ಬರುತ್ತದೆ ಎಂದು ಮೊದಲೇ ತಿಳಿಸಿ ಅದನ್ನು ಪಾಲಿಸುವುದು, ಸಭೆಯ ಕಾರ್ಯಸೂಚಿಯನ್ನು ಮುಂಚಿತವಾಗಿ ಕಳುಹಿಸುವುದು, ಧ್ವನಿ ಮತ್ತು ಕ್ಯಾಮೆರಾವನ್ನು ಮೊದಲೇ ಪರೀಕ್ಷಿಸಿಕೊಂಡು ಬರುವುದು, ತೀರ್ಮಾನಗಳನ್ನು ಬರೆದು ಹಂಚುವುದು ಇವು ದೂರದಿಂದ ಕೆಲಸ ಮಾಡುವ ಯಾವ ಉದ್ಯೋಗದಲ್ಲಾದರೂ ಬೇಕಾಗುವ ಅಭ್ಯಾಸಗಳು.

ನಡವಳಿಕೆಗೆ ಅಂಕ ಕೊಡಬೇಕೇ?

ಇದರಲ್ಲಿ ಭಿನ್ನಾಭಿಪ್ರಾಯಗಳಿವೆ. ಅಂಕ ಕೊಟ್ಟರೆ ವಿದ್ಯಾರ್ಥಿಗಳು ನಟಿಸುತ್ತಾರೆ ಎಂಬುದು ಒಂದು ಆಕ್ಷೇಪ. ಆದರೆ ನಡವಳಿಕೆಯನ್ನು ಮೌಲ್ಯಮಾಪನದಿಂದ ಪೂರ್ತಿ ಹೊರಗಿಟ್ಟರೆ, ಅದು ಮುಖ್ಯವಲ್ಲ ಎಂದೇ ಸಂಸ್ಥೆ ಹೇಳಿದಂತಾಗುತ್ತದೆ. ಅಮೆರಿಕದ ಮೂರು ವೈದ್ಯಕೀಯ ಕಾಲೇಜುಗಳ ಪದವೀಧರರ ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಗಮನಾರ್ಹ. ವೈದ್ಯಕೀಯ ಮಂಡಳಿಗಳಿಂದ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ವಿದ್ಯಾರ್ಥಿ ದಿನಗಳ ದಾಖಲೆಗಳನ್ನು, ಶಿಸ್ತುಕ್ರಮಕ್ಕೆ ಒಳಗಾಗದ 469 ವೈದ್ಯರ ದಾಖಲೆಗಳೊಂದಿಗೆ ಹೋಲಿಸಿದಾಗ, ಕಾಲೇಜಿನಲ್ಲೇ ವೃತ್ತಿಗೆ ಸಲ್ಲದ ನಡವಳಿಕೆ ತೋರಿದ್ದ ಉಲ್ಲೇಖಕ್ಕೂ ಮುಂದಿನ ಶಿಸ್ತುಕ್ರಮಕ್ಕೂ ಬಲವಾದ ನಂಟು ಕಂಡಿತು. ಅದರಲ್ಲಿಯೂ ತೀವ್ರ ಬೇಜವಾಬ್ದಾರಿ ಮತ್ತು ತನ್ನನ್ನು ತಾನು ತಿದ್ದಿಕೊಳ್ಳುವ ಸಾಮರ್ಥ್ಯದ ಕೊರತೆ ಇವೆರಡರ ನಂಟು ಅತ್ಯಂತ ಗಾಢವಾಗಿತ್ತು.

ಆದ್ದರಿಂದ ಅಂಕ ಕೊಡುವುದಾದರೆ ಗುಣಕ್ಕೆ ಕೊಡದೆ, ಕಣ್ಣಿಗೆ ಕಾಣುವ ಕೆಲಸಕ್ಕೆ ಕೊಡಬೇಕು. "ಉತ್ತಮ ಮನೋಭಾವ" ಎಂಬ ಕಾಲಂನಲ್ಲಿ ಬೋಧಕರ ಇಷ್ಟಾನಿಷ್ಟಗಳೇ ತುಂಬಿಕೊಳ್ಳುತ್ತವೆ. "ಹಿಂದಿನ ಸಲ ಸೂಚಿಸಿದ ತಿದ್ದುಪಡಿಗಳನ್ನು ಈ ಸಲದ ಕೆಲಸದಲ್ಲಿ ಅಳವಡಿಸಿಕೊಂಡಿದ್ದಾರೆಯೇ" ಎಂಬುದನ್ನು ಯಾರಾದರೂ ಪರಿಶೀಲಿಸಬಹುದು. ಅದೇ ಪಟ್ಟಿಯಲ್ಲಿ ಬೋಧಕರನ್ನೂ ವಿದ್ಯಾರ್ಥಿಗಳು ಅಳೆಯಲಿ ಎಂಬ ಸಲಹೆ ಹಲವರಿಗೆ ಇರುಸುಮುರುಸು ತರುತ್ತದೆ. ಆದರೂ ಅದನ್ನು ಒಂದು ಸೆಮಿಸ್ಟರ್ ಮಾಡಿ ನೋಡುವುದು ಯೋಗ್ಯ.

ಬಹುಕಾಲದಿಂದ ಬೋಧನೆಯಲ್ಲೇ ಇದ್ದು ಉದ್ಯಮದ ಸಂಪರ್ಕ ತಪ್ಪಿರುವವರು ಹೇಗೆ ಮಾದರಿಯಾಗಬಲ್ಲರು?

ಪ್ರಾಮಾಣಿಕತೆ, ಹೊಣೆಗಾರಿಕೆ, ಎದುರಿನವರ ಮಾತನ್ನು ಕೇಳಿಸಿಕೊಳ್ಳುವುದು ಇವು ಹಳತಾಗುವುದಿಲ್ಲ. ಹಳತಾಗುವುದು ಉಪಕರಣ, ತಂತ್ರಾಂಶ, ಕಾರ್ಯವಿಧಾನಗಳು. ಅವುಗಳ ವಿಷಯದಲ್ಲಿ ಬೋಧಕರು ತಾವೂ ಕಲಿಯುತ್ತಿರುವುದನ್ನು ವಿದ್ಯಾರ್ಥಿಗಳಿಗೆ ಕಾಣುವಂತೆ ಮಾಡಿದರೆ, ಅದೇ ಒಂದು ಮಾದರಿ. ಈಗ ಕೆಲಸದಲ್ಲಿರುವವರನ್ನು ಅತಿಥಿಗಳಾಗಿ ಕರೆಸಿ, ವಿದ್ಯಾರ್ಥಿಗಳ ನಡುವೆ ಕುಳಿತು, ಟಿಪ್ಪಣಿ ಮಾಡಿಕೊಂಡು, ಪ್ರಶ್ನೆ ಕೇಳುವ ಬೋಧಕರು ಕಲಿಕೆ ಪದವಿಯೊಂದಿಗೆ ಮುಗಿಯುವುದಿಲ್ಲ ಎಂಬುದನ್ನು ಭಾಷಣವಿಲ್ಲದೆ ತಿಳಿಸುತ್ತಾರೆ.

ತರಗತಿಯಲ್ಲಿ ಕಲಿತದ್ದಕ್ಕೆ ವಿರುದ್ಧವಾದದ್ದನ್ನು ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ನಲ್ಲಿ ಕಂಡು ಬಂದರೆ?

ಇದು ಆಗಿಯೇ ಆಗುತ್ತದೆ. "ಅದೆಲ್ಲ ಕಾಲೇಜಿನಲ್ಲಿ, ಇಲ್ಲಿ ಹೀಗೇ ಮಾಡುವುದು" ಎಂಬ ಮಾತನ್ನು ಕೇಳಿಸಿಕೊಳ್ಳದೆ ಕೆಲಸಕ್ಕೆ ಸೇರಿದವರು ವಿರಳ. ಹಿಂತಿರುಗಿ ಬಂದ ವಿದ್ಯಾರ್ಥಿ ಇದನ್ನು ಹೇಳಿದಾಗ, ಆ ಸಂಸ್ಥೆಯನ್ನು ಜರಿಯುವುದೂ ಬೇಡ, "ವಾಸ್ತವ ಹಾಗೇ ಇರುತ್ತದೆ" ಎಂದು ಒಪ್ಪಿಸುವುದೂ ಬೇಡ. ಕೆಲಸದ ಸ್ಥಳದ ಅಡ್ಡದಾರಿಗಳಲ್ಲಿ ಎರಡು ಬಗೆ ಇರುತ್ತವೆ. ಕೆಲವು ಅನುಭವದಿಂದ ಬಂದ, ಯಾರಿಗೂ ಹಾನಿ ಮಾಡದ ಸುಲಭ ವಿಧಾನಗಳು. ಅವುಗಳಿಂದ ಬೋಧಕರೂ ಕಲಿಯಬಹುದು. ಇನ್ನು ಕೆಲವು ಸುರಕ್ಷತೆಯನ್ನೋ ಸತ್ಯವನ್ನೋ ಗ್ರಾಹಕರ ಹಿತವನ್ನೋ ಬಲಿಕೊಟ್ಟು ಸಮಯ ಉಳಿಸುವಂಥವು. ಯಾವುದು ಯಾವ ಬಗೆಯದು ಎಂದು ವಿದ್ಯಾರ್ಥಿಗಳೇ ತೂಗಿ ನೋಡುವಂತೆ, "ಇದರಿಂದ ಉಳಿದದ್ದೇನು, ಕಳೆದುಕೊಳ್ಳಬಹುದಾದದ್ದೇನು, ಕಳೆದುಕೊಳ್ಳುವವರು ಯಾರು?" ಎಂಬ ಪ್ರಶ್ನೆಗಳೊಂದಿಗೆ ಚರ್ಚೆ ನಡೆಸಬೇಕು.

ಅಷ್ಟಕ್ಕೇ ನಿಲ್ಲಿಸದೆ, ಅಂಥ ಸಂದರ್ಭದಲ್ಲಿ ಹೊಸಬರು ಯಾವ ಮಾತುಗಳಲ್ಲಿ ತಮ್ಮ ಆಕ್ಷೇಪವನ್ನು ಹೇಳಬಹುದು ಎಂಬುದನ್ನೂ ಅಭಿನಯದ ಮೂಲಕ ಅಭ್ಯಾಸ ಮಾಡಿಸಬೇಕು. ಬೋಧಕರು ಒಮ್ಮೆ ಹೊಸ ನೌಕರನ ಪಾತ್ರ ವಹಿಸಿ, "ನನಗೆ ಕಲಿಸಿದ ವಿಧಾನ ಬೇರೆ ಇತ್ತು, ಇಲ್ಲಿ ಈ ಹಂತವನ್ನು ಬಿಡುವುದಕ್ಕೆ ಕಾರಣ ತಿಳಿಸಬಹುದೇ?" ಎಂದು ಗೌರವದಿಂದ ಕೇಳುವುದನ್ನು ತೋರಿಸಿ, ನಂತರ ವಿದ್ಯಾರ್ಥಿಗಳು ಸರದಿಯಂತೆ ಅದನ್ನು ಮಾಡಲಿ. ಮೇಲಧಿಕಾರಿಯ ಪಾತ್ರದವರು ಒಮ್ಮೆ ಸಮಾಧಾನದಿಂದಲೂ ಇನ್ನೊಮ್ಮೆ ಸಿಡುಕಿನಿಂದಲೂ ಉತ್ತರಿಸಲಿ. ಸಿಡುಕಿನ ಉತ್ತರ ಬಂದಾಗ ಮುಂದಿನ ಮಾತು ಏನು, ಯಾವಾಗ ಹಿಂದೆ ಸರಿಯಬೇಕು, ಯಾವಾಗ ಇನ್ನೊಬ್ಬರ ಬಳಿಗೆ ಒಯ್ಯಬೇಕು ಎಂಬುದನ್ನು ಆ ತರಗತಿಯಲ್ಲೇ ಮಾತನಾಡಬೇಕು. ಕೆಲಸದ ಮೊದಲ ವಾರದಲ್ಲಿ ಅದನ್ನು ಒಬ್ಬರೇ ಯೋಚಿಸಿ ಕಂಡುಕೊಳ್ಳುವುದು ಕಷ್ಟ.

ಇದನ್ನೆಲ್ಲ ಒಟ್ಟಿಗೆ ಮಾಡಲಾಗದವರು ಎಲ್ಲಿಂದ ಆರಂಭಿಸಬೇಕು?

ನಿಮ್ಮ ವೃತ್ತಿಯಲ್ಲಿ ಹೊಸಬರು ಅತಿ ಹೆಚ್ಚು ಎಡವುವ ಒಂದೇ ಒಂದು ನಡವಳಿಕೆಯನ್ನು ಆರಿಸಿಕೊಳ್ಳಿ. ಅದು ಯಾವುದೆಂದು ಖಚಿತವಿಲ್ಲದಿದ್ದರೆ ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಅವರಿಗೆ ಕೆಲಸ ಕೊಟ್ಟವರನ್ನೂ ಕೇಳಿ. ಮುಂದಿನ ಸೆಮಿಸ್ಟರ್‌ನಲ್ಲಿ ಆ ಒಂದನ್ನು ತಪ್ಪದೆ ಪಾಲಿಸಿ, ಪಾಲಿಸಿದಾಗಲೆಲ್ಲ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿ, ವಿದ್ಯಾರ್ಥಿಗಳಿಗೆ ಅದನ್ನು ಮಾಡುವ ಅವಕಾಶ ಕೊಡಿ, ಮಾಡಿದ್ದನ್ನು ಗುರುತಿಸಿ ಹೇಳಿ. ಸಹೋದ್ಯೋಗಿಗಳಲ್ಲಿ ಒಬ್ಬರಾದರೂ ಅದೇ ನಡವಳಿಕೆಯನ್ನು ಅದೇ ಅವಧಿಯಲ್ಲಿ ಕೈಗೆತ್ತಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಎರಡು ತರಗತಿಗಳಲ್ಲಿ ಒಂದೇ ನಡೆಯನ್ನು ಕಂಡ ವಿದ್ಯಾರ್ಥಿಗಳು ಅದನ್ನು ಒಬ್ಬ ಬೋಧಕರ ಕಟ್ಟುನಿಟ್ಟೆಂದು ಬದಿಗೆ ಸರಿಸಲಾರರು.